ಮೀನಿನ ಲೆಕ್ಕ ಕಲಿಸೋರಿಗೆ, ಆ ಲೆಕ್ಕಕ್ಕೆ ಕೆಲಸ ಕೊಡೋರಿಗೆ ಒಂದು ಬಹಿರಂಗ ಪತ್ರ

ಮೀನುಗಾರಿಕೆ ನಿರ್ವಹಣೆ, ಸಂರಕ್ಷಣೆ ಅಂತ ಎಂ.ಎಸ್ಸಿ., ಪಿಎಚ್.ಡಿ. ಕೊಡೋ ಎಲ್ಲಾ ವಿಭಾಗಗಳ ಮುಖ್ಯಸ್ಥರಿಗೆ, ಹಾಗೇನೇ ಅಲ್ಲಿಂದ ಹೊರಬಂದೋರನ್ನ ಕೆಲಸಕ್ಕೆ ತಗೊಳ್ಳೋ ಇಲಾಖೆ, ಆಯೋಗ, ಸಂಸ್ಥೆಗಳಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೇ ಬರ್ತೀನಿ. ಈ ವರ್ಷ ಈ ಸಮುದ್ರದಲ್ಲಿ ಇಷ್ಟು ಟನ್ ಮೀನು ಹಿಡೀಬಹುದು ಅಂತ ಒಂದು ನಂಬರ್ ಹೊರಗೆ ಬರುತ್ತಲ್ಲ, ಆ ನಂಬರ್ ಹುಟ್ಟೋದು ಕಂಪ್ಯೂಟರಲ್ಲಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ನಮ್ಮ ವಿದ್ಯಾರ್ಥಿಗಳೂ ಹಾಗೇ ಅಂದ್ಕೊಂಡೇ ಪದವಿ ಮುಗಿಸ್ತಾರೆ. ಅದು ಹುಟ್ಟೋದು ಅಲುಗಾಡ್ತಿರೋ ದೋಣಿ ಮೇಲೆ, ಮೀನು ಇಳಿಸೋ ಕಟ್ಟೆ ಮೇಲೆ, ಲೋಳೆ ಮೆತ್ಕೊಂಡಿರೋ ಅಳತೆ ಹಲಗೆ ಮೇಲೆ. ಅಲ್ಲಿ ನಿಂತಿರೋ ಹುಡುಗನೋ ಹುಡುಗಿನೋ ಸರಿಯಾಗಿ ಅಳೆದ್ರಾ, ಸರಿಯಾದ ಜಾತಿ ಗುರುತಿಸಿದ್ರಾ, ಮೀನುಗಾರರು ನಂಬಿ ನಿಜ ಹೇಳಿದ್ರಾ, ಇದರ ಮೇಲೆ ಉಳಿದದ್ದೆಲ್ಲಾ ನಿಂತಿದೆ. ಆದ್ರೆ ನಿಮ್ಮ ಸಿಲೆಬಸ್ಸಲ್ಲಿ ಅತಿ ಕಡಿಮೆ ಜಾಗ ಅದಕ್ಕೇ, ನಿಮ್ಮ ಬಜೆಟ್ಟಲ್ಲಿ ಅತಿ ಕಡಿಮೆ ಸಂಬಳನೂ ಅದಕ್ಕೇ. ಇದು ಬದಲಾಗ್ಬೇಕು ಅಂತ ಕೇಳೋಕೆ ಈ ಪತ್ರ ಬರೀತಿದ್ದೀನಿ. ನಾನೂ ಇದೇ ಓದು ಓದಿದೋಳು, ಇದೇ ಲೆಕ್ಕದ ಕೆಲಸದಲ್ಲಿರೋಳು.

ವಿಷಯ ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತು, ಆದ್ರೂ ಹೊರಗಿನೋರು ಓದ್ತಾರೆ ಅಂತ ಹೇಳ್ತೀನಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ಅಂದಾಜು ಮಾಡಿರೋ ಸಮುದ್ರ ಮೀನಿನ ಸ್ಟಾಕ್‌ಗಳಲ್ಲಿ (ಸ್ಟಾಕ್ ಅಂದ್ರೆ ಒಂದು ಪ್ರದೇಶದಲ್ಲಿರೋ ಒಂದು ಜಾತಿ ಮೀನಿನ ಗುಂಪು) 37.7 ಪರ್ಸೆಂಟ್ ಮಿತಿ ಮೀರಿ ಹಿಡಿದಿರೋವು, 1974ರಲ್ಲಿ ಅದು 10 ಪರ್ಸೆಂಟ್ ಇತ್ತು. ಮೀನು ಹಿಡಿಯೋದು, ಸಾಕೋದು ಎರಡೂ ಸೇರಿ 6 ಕೋಟಿಗಿಂತ ಜಾಸ್ತಿ ಜನ ನೇರವಾಗಿ ಈ ಕೆಲಸದಲ್ಲಿದ್ದಾರೆ. 2022ರಲ್ಲಿ ಮೊದಲ ಸಲ ಸಾಕಿದ ಜಲಚರಗಳ ಪ್ರಮಾಣ ಹಿಡಿದದ್ದನ್ನ ದಾಟಿತು. ಇಷ್ಟು ಜನರ ಹೊಟ್ಟೆಪಾಡು ಯಾವ ಲೆಕ್ಕದ ಮೇಲೆ ನಿಂತಿದೆಯೋ ಆ ಲೆಕ್ಕ ಮಾಡೋರನ್ನ ತಯಾರು ಮಾಡ್ತಿರೋದು ನೀವು.

ಒಂದೇ ಒಂದು ಕೆಲಸ ತಗೊಳ್ಳಿ, ಮೀನಿನ ವಯಸ್ಸು ನೋಡೋದು. ಮೀನಿನ ತಲೆ ಒಳಗೆ, ಮಿದುಳಿನ ಕೆಳಗೆ, ಕಿವಿಕಲ್ಲು ಅಂತ ಇರುತ್ತೆ, ಎಡಕ್ಕೆ ಮೂರು ಬಲಕ್ಕೆ ಮೂರು, ಅದರಲ್ಲಿ ಸಾಮಾನ್ಯವಾಗಿ ದೊಡ್ಡದಿರೋ ಜೋಡಿನ ಚಿಮಟದಲ್ಲಿ ಮುರೀದ ಹಾಗೆ ಎಳೀಬೇಕು, ತೊಳೆದು ಒಣಗಿಸಿ ಲಕೋಟೆಗೆ ಹಾಕ್ಬೇಕು, ಲಕೋಟೆ ಮೇಲೆ ಮೀನಿನ ಉದ್ದ, ತೂಕ, ಗಂಡೋ ಹೆಣ್ಣೋ, ಎಲ್ಲಿ ಯಾವತ್ತು ಸಿಕ್ತು ಬರೀಬೇಕು. ಆಮೇಲೆ ಲ್ಯಾಬಲ್ಲಿ ರೆಸಿನ್‌ನಲ್ಲಿ ಕೂರಿಸಿ, ವಜ್ರದ ಅಂಚಿರೋ ಬ್ಲೇಡಲ್ಲಿ ತೆಳ್ಳಗೆ ಸೀಳಿ, ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಮರ ಕಡಿದಾಗ ಕಾಣೋ ಥರ ಉಂಗುರ ಕಾಣ್ಸುತ್ತೆ, ಒಂದು ಬೆಳಕಿನದು ಒಂದು ಮಬ್ಬಿನದು ಸೇರಿ ಒಂದು ವರ್ಷ. ಓದೋದು ಸುಲಭ ಅಲ್ಲ. ಮಧ್ಯದಲ್ಲಿ ಸುಳ್ಳು ಉಂಗುರ ಬರುತ್ತೆ, ಅಂಚಲ್ಲಿ ಒತ್ತೊತ್ತಾಗಿ ಬಂದು ಬೇರೆ ಬೇರೆ ಅಂತ ಗೊತ್ತೇ ಆಗಲ್ಲ, ಅದಕ್ಕೇ ಒಬ್ಬರು ಓದಿದ್ದು ಇನ್ನೊಬ್ಬರಿಗೆ ಹೇಳದೆ ಅವರೂ ಓದಿ ಆಮೇಲೆ ಇಬ್ಬರದ್ದೂ ಹೋಲಿಸ್ತಾರೆ. ಕೈ ಪಳಗೋಕೆ ವರ್ಷಗಟ್ಟಲೆ ಬೇಕು. ಬಹುತೇಕ ಕಡೆ ಈ ಕೆಲಸಕ್ಕೆ ಟೆಕ್ನಿಷಿಯನ್ ಅಂತ ಹೆಸರಿಟ್ಟು, ವರ್ಷ ವರ್ಷಕ್ಕೂ ಕಾಂಟ್ರಾಕ್ಟ್ ರಿನ್ಯೂ ಮಾಡ್ತಾ, ಕೈ ಪಳಗೋ ಹೊತ್ತಿಗೆ ಬಿಟ್ಟು ಹೋಗೋ ಹಾಗೆ ಮಾಡಿಟ್ಟಿದ್ದೀರ.

ವಯಸ್ಸು ತಪ್ಪಾದ್ರೆ ಏನಾಗುತ್ತೆ ಅನ್ನೋದಕ್ಕೆ ಆರೆಂಜ್ ರಫಿ ಮೀನು ನೋಡಿ. ನ್ಯೂಜಿಲೆಂಡ್, ಆಸ್ಟ್ರೇಲಿಯಾ ಕಡೆ ಆಳ ಸಮುದ್ರದ ಗುಡ್ಡಗಳ ಹತ್ತಿರ ಮೊಟ್ಟೆ ಇಡೋಕೆ ರಾಶಿ ರಾಶಿ ಸೇರ್ತಿತ್ತು, ಟ್ರಾಲರ್‌ಗಳು ಬಲೆ ಬಿಟ್ರೆ ತುಂಬಿ ಬರ್ತಿತ್ತು. ಬೇರೆ ಮೀನಿನ ಹಾಗೆ ಇದೂ ಬೇಗ ಬೆಳೆಯುತ್ತೆ, ಹಿಡಿದಷ್ಟೂ ತುಂಬ್ಕೊಳ್ಳುತ್ತೆ ಅನ್ನೋ ಲೆಕ್ಕದಲ್ಲಿ ಹಿಡಿದ್ರು. ಆಮೇಲೆ ಕಿವಿಕಲ್ಲು ಸೀಳಿ ಸರಿಯಾಗಿ ಓದಿದಾಗ ಗೊತ್ತಾಗಿದ್ದು ಅದು ನೂರು ವರ್ಷ ದಾಟಿ ಬದುಕೋ ಮೀನು, ಮೊದಲ ಸಲ ಮೊಟ್ಟೆ ಇಡೋಕೇ ಇಪ್ಪತ್ತು ಮೂವತ್ತು ವರ್ಷ ಬೇಕು ಅಂತ. ಅಷ್ಟು ಹೊತ್ತಿಗೆ ಎಷ್ಟೋ ಕಡೆ ಸ್ಟಾಕ್ ನೆಲ ಕಚ್ಚಿತ್ತು. 2006ರಲ್ಲಿ ಆಸ್ಟ್ರೇಲಿಯಾ ಅದನ್ನ ಸಂರಕ್ಷಣೆ ಬೇಕಾದ ಜೀವಿಗಳ ಪಟ್ಟಿಗೆ ಸೇರಿಸ್ತು. ಎಷ್ಟು ಹಿಡೀಬಹುದು ಅಂತ ಲೆಕ್ಕ ಹಾಕೋ ಕಂಪ್ಯೂಟರ್ ಮಾಡೆಲ್ಲಿಗೆ ಹೋಗೋ ವಯಸ್ಸೇ ತಪ್ಪಾಗಿದ್ರೆ ಮಾಡೆಲ್ ಎಷ್ಟು ಒಳ್ಳೇದಿದ್ರೂ ಬರೋ ಕೋಟಾ, ಅಂದ್ರೆ ಹಿಡಿಯೋ ಮಿತಿ, ತಪ್ಪೇ ಆಗುತ್ತೆ. ಇದನ್ನ ಒಂದು ಸೆಮಿಸ್ಟರ್ ಪೂರ್ತಿ ಕೈಯಲ್ಲಿ ಮಾಡಿಸಿ ಕಲಿಸಿ ಅಂತ ನಾನು ಕೇಳ್ತಿರೋದು, ಎರಡು ಸ್ಲೈಡ್ ತೋರಿಸಿ ಮುಗಿಸ್ಬೇಡಿ.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಾಡ್ ಮೀನಿನ ಕಥೆ ಎಲ್ಲಾ ಕ್ಲಾಸಲ್ಲೂ ಹೇಳ್ತೀರ. 1992ರ ಜುಲೈ 2ಕ್ಕೆ ಮಂತ್ರಿ ಜಾನ್ ಕ್ರಾಸ್ಬಿ ಮೀನುಗಾರಿಕೆ ಬಂದ್ ಅಂತ ಘೋಷಿಸಿದ್ರು, 30 ಸಾವಿರದಷ್ಟು ಜನರ ಕೆಲಸ ಹೋಯ್ತು, ಎರಡು ವರ್ಷ ಅಂತ ಶುರುವಾದ ನಿಷೇಧ ತೆಗೆದಿದ್ದು 2024ರಲ್ಲಿ. ಇಷ್ಟು ಹೇಳಿ ಅತಿಯಾಗಿ ಹಿಡಿಯಬಾರದು ಅಂತ ಪಾಠ ಮುಗಿಸ್ತೀರ. ಆದ್ರೆ ಆ ಕಥೆಯಲ್ಲಿ ನಮ್ಮ ವೃತ್ತಿಗೆ ಸಂಬಂಧಪಟ್ಟ ಭಾಗ ಬೇರೆ ಇದೆ. ದಡದ ಹತ್ತಿರ ಚಿಕ್ಕ ದೋಣಿಯಲ್ಲಿ ಹೋಗ್ತಿದ್ದ ಮೀನುಗಾರರು ಎಂಬತ್ತರ ದಶಕದಲ್ಲೇ ಮೀನು ಕಮ್ಮಿ ಆಗ್ತಿದೆ, ಸಣ್ಣ ಆಗ್ತಿದೆ ಅಂತ ಹೇಳ್ತಾನೇ ಇದ್ರು. ವಿಜ್ಞಾನಿಗಳು ಆಗ ತುಂಬಾ ನೆಚ್ಚಿಕೊಂಡಿದ್ದು ದೂರದ ದೊಡ್ಡ ಟ್ರಾಲರ್‌ಗಳಿಗೆ ಗಂಟೆಗೆ ಎಷ್ಟು ಮೀನು ಬೀಳ್ತಿದೆ ಅನ್ನೋ ಲೆಕ್ಕನ. ಮೀನು ಕಮ್ಮಿ ಆದಾಗ ಉಳಿದದ್ದು ಒಂದೇ ಕಡೆ ಒತ್ತಾಗಿ ಸೇರ್ಕೊಳ್ಳುತ್ತೆ, ಟ್ರಾಲರ್‌ನೋರಿಗೆ ಅದು ಎಲ್ಲಿ ಅಂತ ಹುಡುಕೋ ಯಂತ್ರ ಇದೆ, ಹಾಗಾಗಿ ಕೊನೇ ತನಕ ಅವರ ಬಲೆಗೆ ಚೆನ್ನಾಗೇ ಬೀಳ್ತಿತ್ತು, ಸಮುದ್ರದಲ್ಲಿ ಮೀನು ಇದೆ ಅಂತಾನೇ ಲೆಕ್ಕ ಹೇಳ್ತಿತ್ತು. ದಡದ ಮೀನುಗಾರರ ಮಾತು ಲೆಕ್ಕಕ್ಕೆ ಹೋಗೋ ದಾರಿನೇ ಇರ್ಲಿಲ್ಲ, ಯಾಕಂದ್ರೆ ಅದು ಕಾಲಮ್ಮಲ್ಲಿ ತುಂಬೋ ಥರ ಇರ್ಲಿಲ್ಲ.

ಈಗ ಹೇಳಿ, ನಿಮ್ಮಲ್ಲಿ ಎಷ್ಟು ಕೋರ್ಸುಗಳಲ್ಲಿ ಒಬ್ಬ ಮೀನುಗಾರನ ಜೊತೆ ಕೂತು ಮಾತಾಡಿಸಿ, ಅವನು ಹೇಳಿದ್ದನ್ನ ಬರ್ಕೊಂಡು, ಅದನ್ನ ಸರ್ವೆ ಡೇಟಾ ಜೊತೆ ಇಟ್ಟು ಎಲ್ಲಿ ಹೊಂದುತ್ತೆ ಎಲ್ಲಿ ಹೊಂದಲ್ಲ ಅಂತ ನೋಡೋದನ್ನ ಪರೀಕ್ಷೆಗೆ ಇಟ್ಟಿದ್ದೀರ? ನಾನು ಓದಿದ ಕಡೆ ಅದು ಇರ್ಲಿಲ್ಲ. ಸಂದರ್ಶನ ಮಾಡೋದು ಸಮಾಜಶಾಸ್ತ್ರದೋರ ಕೆಲಸ ಅಂತ ನಮ್ಮ ಮೇಷ್ಟ್ರು ಹೇಳಿಬಿಟ್ರು, ನಾವು ನಂಬಿಬಿಟ್ವಿ. ಕೆಲಸಕ್ಕೆ ಸೇರಿದ ಮೇಲೆ ಮೊದಲು ಬೇಕಾಗಿದ್ದೇ ಅದು.

ಮೀನುಗಾರರ ತಲೆಯಿಂದ ಬಂದ ವಿಷಯಗಳು ಕಮ್ಮಿ ಇವೆಯಾ? ಸೀಗಡಿ ಬಲೆಗೆ ಬಿದ್ದು ಸಾಯೋ ಕಡಲಾಮೆಗಳನ್ನ ಹೊರಗೆ ಬಿಡೋ ಕಂಬಿ ಚೌಕಟ್ಟು ಇದೆಯಲ್ಲ, ಈಗ ಎಷ್ಟೋ ದೇಶಗಳಲ್ಲಿ ಕಡ್ಡಾಯ ಆಗಿರೋದು, ಅದರ ಬೇರು ಅಮೆರಿಕದ ಜಾರ್ಜಿಯಾದ ಸೀಗಡಿ ಮೀನುಗಾರ ಸಿಂಕಿ ಬೂನ್ ಮಾಡಿದ ಸಾಧನದಲ್ಲಿದೆ. ಅವರು ಅದನ್ನ ಮಾಡಿದ್ದು ಆಮೆಗೋಸ್ಕರ ಅಲ್ಲ, ಬಲೆ ತುಂಬಾ ಅಂಬಲಿ ಮೀನು (ಜೆಲ್ಲಿಫಿಶ್) ತುಂಬ್ಕೊಂಡು ಕಾಟ ಕೊಡ್ತಿತ್ತು, ಅದನ್ನ ಹೊರಗೆ ತಳ್ಳೋಕೆ. ಹಾಗೇ ಟರ್ಕಿಯ ಅಲಾನ್ಯಾ. ಅಲ್ಲಿ ಒಳ್ಳೇ ಜಾಗಕ್ಕೆ ಜಗಳ ಆಗಿ ಆಗಿ ಸಾಕಾಗಿ ಮೀನುಗಾರರೇ ಒಂದು ಪದ್ಧತಿ ಮಾಡ್ಕೊಂಡ್ರು: ಬಲೆ ಹಾಕೋ ಜಾಗಗಳಿಗೆಲ್ಲಾ ಹೆಸರಿಟ್ಟು ಪಟ್ಟಿ ಮಾಡೋದು, ಪ್ರತಿ ಸೆಪ್ಟೆಂಬರಲ್ಲಿ ಚೀಟಿ ಎತ್ತೋದು, ಜನವರಿ ತನಕ ದಿನಾ ಒಂದೊಂದು ಜಾಗ ಪೂರ್ವಕ್ಕೆ ಸರಿಯೋದು, ಆಮೇಲೆ ಮೇ ತನಕ ಪಶ್ಚಿಮಕ್ಕೆ ಸರಿಯೋದು. ಎಲ್ಲರಿಗೂ ಒಳ್ಳೇ ಜಾಗ ಒಂದಲ್ಲ ಒಂದು ದಿನ ಸಿಗುತ್ತೆ, ಯಾರಾದ್ರೂ ಮೋಸ ಮಾಡಿದ್ರೆ ಆವತ್ತು ಆ ಜಾಗ ಯಾರದ್ದೋ ಅವನೇ ಬಂದು ಹಿಡೀತಾನೆ. ಇಂಥ ಉದಾಹರಣೆಗಳ ಮೇಲೆ ಕೆಲಸ ಮಾಡಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇದನ್ನ ಮೀನುಗಾರಿಕೆ ಎಂ.ಎಸ್ಸಿ.ಯಲ್ಲಿ ಐಚ್ಛಿಕ ವಿಷಯ ಮಾಡಿ ಇಟ್ಟಿರೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಅಲಾನ್ಯಾದೋರು ಗಂಡಸರು, ದೋಣಿ ಇರೋರು, ಅವರನ್ನಾದ್ರೂ ಯಾರೋ ಹೋಗಿ ಬರೆದ್ರು. ನೀರು ಇಳಿದಾಗ ದಡದಲ್ಲಿ ನಡ್ಕೊಂಡು ಹೋಗಿ ಚಿಪ್ಪು, ಏಡಿ ಆರಿಸೋ ಹೆಂಗಸರನ್ನ ಬಹಳ ಕಡೆ ಮೀನುಗಾರರು ಅಂತ ಲೆಕ್ಕಕ್ಕೇ ತಗೊಳ್ಳಲ್ಲ, ಅವರು ತಂದದ್ದು ಮನೆಗೇ ಹೋಗುತ್ತೆ, ಮಾರ್ಕೆಟ್ ಮೂಲಕ ಹೋಗಲ್ಲ, ಹಾಗಾಗಿ ರಿಜಿಸ್ಟರಲ್ಲಿ ಇಲ್ಲ. ಸಣ್ಣ ಪ್ರಮಾಣದ ಮೀನುಗಾರಿಕೆಯಲ್ಲೇ ಜಗತ್ತಲ್ಲಿ ಹಿಡಿಯೋ ಒಟ್ಟು ಮೀನಿನ ಸುಮಾರು 40 ಪರ್ಸೆಂಟ್ ಬರುತ್ತೆ, ಅದರಲ್ಲಿ ಹಿಡಿಯೋದರಿಂದ ಮಾರೋ ತನಕದ ಕೆಲಸದಲ್ಲಿ ಹತ್ತು ಜನರಲ್ಲಿ ನಾಲ್ವರು ಹೆಂಗಸರು ಅಂತ 2023ರ ಅಂತಾರಾಷ್ಟ್ರೀಯ ಅಧ್ಯಯನ ಹೇಳುತ್ತೆ. ನೀವು ತೀಸಿಸ್‌ಗೆ ಕೊಡೋ ವಿಷಯಗಳನ್ನ ಒಂದ್ಸಲ ಎದುರಿಗೆ ಹರಡ್ಕೊಂಡು ನೋಡಿ, ಇವರು ಎಷ್ಟು ಕಡೆ ಬರ್ತಾರೆ ಅಂತ. ಕೆರೆ, ನದಿ, ಸರೋವರದ ಮೀನಿನ ಕಥೆನೂ ಇದೇ, ಸಮುದ್ರಕ್ಕಿರೋ ಫಂಡ್ ಒಳನಾಡಿಗೆ ಇಲ್ಲ.

ಈಗ ದುಡ್ಡಿನ ವಿಷಯ. ಇದನ್ನ ಯಾರೂ ಬಾಯಿ ಬಿಟ್ಟು ಹೇಳಲ್ಲ, ಹೇಳಿದ್ರೆ ಕಮಿಟ್‌ಮೆಂಟ್ ಇಲ್ಲ ಅಂತಾರೆ. ನಮ್ಮ ಕ್ಷೇತ್ರದಲ್ಲಿ ಮೊದಲ ಕೆಲಸ ಸಿಗೋಕೆ ಅನುಭವ ಕೇಳ್ತಾರೆ, ಅನುಭವ ಬೇಕಂದ್ರೆ ಸ್ವಯಂಸೇವಕರಾಗಿ ಬನ್ನಿ ಅಂತಾರೆ, ಸ್ವಯಂಸೇವಕ ಅಂದ್ರೆ ಸಂಬಳ ಇಲ್ಲ, ಎಷ್ಟೋ ಕಡೆ ಊಟ ವಸತಿಗೂ ನಾವೇ ಕಟ್ಬೇಕು. ಒಂದು ಸಂರಕ್ಷಣಾ ಸಂಸ್ಥೆ ನನ್ನ ಹತ್ರ ಒಂದು ಸೀಸನ್ ಪೂರ್ತಿ ಹೀಗೆ ಕೆಲಸ ಮಾಡಿಸ್ತು, ಬೆಳಗಿನ ಜಾವ ದೋಣಿ ಬರೋ ಹೊತ್ತಿಗೆ ಕಟ್ಟೆ ಮೇಲಿರ್ಬೇಕಿತ್ತು, ಸಂಜೆ ತನಕ ಡೇಟಾ ತುಂಬಿಸ್ಬೇಕಿತ್ತು, ಕೊನೆಗೆ ರಿಪೋರ್ಟಲ್ಲಿ ನಮ್ಮ ಹೆಸರೂ ಇರ್ಲಿಲ್ಲ. ನನ್ನ ಜೊತೆ ಇದ್ದೋರಲ್ಲಿ ಮನೆ ಕಡೆ ಅನುಕೂಲ ಇದ್ದೋರು ಉಳ್ಕೊಂಡ್ರು, ಇಲ್ಲದೋರು ಬಿಟ್ಟು ಬೇರೆ ಕೆಲಸಕ್ಕೆ ಹೋದ್ರು. ಹಾಗೆ ಬಿಟ್ಟು ಹೋದವರಲ್ಲಿ ಮೀನುಗಾರರ ಮನೆ ಮಕ್ಕಳೇ ಜಾಸ್ತಿ. ಬಲೆ, ಗಾಳಿ, ನೀರಿನ ಬಣ್ಣ, ಮೀನಿನ ಓಡಾಟ ಚಿಕ್ಕಂದಿನಿಂದ ನೋಡಿ ಬೆಳೆದೋರು ಅವರು, ಅವರನ್ನೇ ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸ್ತಿದ್ದೀರ, ಆಮೇಲೆ ಮೀನುಗಾರ ಸಮುದಾಯ ನಮ್ಮನ್ನ ನಂಬಲ್ಲ ಅಂತ ಸೆಮಿನಾರ್ ಮಾಡ್ತೀರ. ನನಗೆ ಇದರ ಮೇಲೆ ತುಂಬಾ ಸಿಟ್ಟಿದೆ, ಮುಚ್ಚಿಡಲ್ಲ.

ಮೀನು ಹಿಡಿಯೋ ಹಡಗಲ್ಲೇ ಇದ್ದು ಲೆಕ್ಕ ಬರೆಯೋ ಅಬ್ಸರ್ವರ್‌ಗಳ ಸ್ಥಿತಿ ಇದಕ್ಕಿಂತ ಕಷ್ಟ. ಹೊಸ ಪದವೀಧರರಿಗೆ ಬೇಗ ಸಿಗೋ ಕೆಲಸ ಅದು. ಹಡಗಲ್ಲಿ ವಾರಗಟ್ಟಲೆ, ಟ್ಯೂನಾ ಹಡಗಾದ್ರೆ ತಿಂಗಳುಗಟ್ಟಲೆ ಇರ್ಬೇಕು, ಏನು ಹಿಡಿದ್ರು ಏನು ಎಸೆದ್ರು ಬರೀಬೇಕು, ಯಾರ ಬಗ್ಗೆ ಬರೀತೀವೋ ಅವರ ಅಡುಗೆಮನೆಯಲ್ಲೇ ಊಟ, ಅವರ ಪಕ್ಕದಲ್ಲೇ ನಿದ್ದೆ, ಸುತ್ತ ನೀರು. ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನಲ್ಲಿ ಸುತ್ತುಬಲೆ ಹಾಕೋ ಟ್ಯೂನಾ ಹಡಗುಗಳಿಗೆ 2010ರಿಂದ ನೂರಕ್ಕೆ ನೂರು ಅಬ್ಸರ್ವರ್ ಇರ್ಬೇಕು ಅಂತ ನಿಯಮ ಬಂತು. ಸಮುದ್ರದಲ್ಲೇ ಕಾಣೆಯಾದ ಅಬ್ಸರ್ವರ್‌ಗಳಿದ್ದಾರೆ. ಅಲ್ಲಿನ ಮೀನುಗಾರಿಕೆ ಆಯೋಗ ಅಬ್ಸರ್ವರ್ ಕಾಣೆಯಾದ್ರೆ ಹಡಗು ಮೀನು ಹಿಡಿಯೋದು ನಿಲ್ಲಿಸಿ ಕನಿಷ್ಠ 72 ಗಂಟೆ ಹುಡುಕ್ಲೇಬೇಕು ಅಂತ ನಿಯಮ ತಂದಿದ್ದು 2016ರ ಡಿಸೆಂಬರಲ್ಲಿ. ನೋಡಿ, ನೂರಕ್ಕೆ ನೂರು ಕಡ್ಡಾಯ ಆಗಿ ಆರು ವರ್ಷ ಆದಮೇಲೆ. ಇಂಥ ಕೆಲಸಕ್ಕೆ ಹೋಗೋ ಹುಡುಗರಿಗೆ ನೀವು ಕ್ಲಾಸಲ್ಲಿ ಮೀನಿನ ಜಾತಿ ಗುರುತಿಸೋದು ಕಲಿಸಿರ್ತೀರ, ಕ್ಯಾಪ್ಟನ್ ಒತ್ತಡ ಹಾಕಿದ್ರೆ ಏನು ಮಾಡ್ಬೇಕು, ಯಾರಿಗೆ ಫೋನ್ ಮಾಡ್ಬೇಕು, ಕಾಂಟ್ರಾಕ್ಟಲ್ಲಿ ಇನ್ಶೂರೆನ್ಸ್ ಇದೆಯಾ ಅಂತ ಹೇಗೆ ನೋಡ್ಬೇಕು, ಇದ್ಯಾವುದೂ ಹೇಳಿರಲ್ಲ. ಈಗ ಹಡಗಿಗೆ ಕ್ಯಾಮೆರಾ ಹಾಕ್ತಿದ್ದಾರೆ, ಒಳ್ಳೇದೇ, ಆದ್ರೆ ಆ ವಿಡಿಯೋ ನೋಡಿ ಮೀನು ಎಣಿಸೋಕೂ ಮನುಷ್ಯರೇ ಬೇಕು, ಅವರಿಗೂ ಇದೇ ಸಂಬಳ ಇದೇ ಕಾಂಟ್ರಾಕ್ಟ್ ಆದ್ರೆ ಏನೂ ಬದಲಾಗಲ್ಲ.

ಇನ್ನೊಂದು ಕಡೆ, ಗಣಿತ. ಇದರಲ್ಲಿ ನಾನು ವಿದ್ಯಾರ್ಥಿಗಳ ಪರ ನಿಂತ್ಕೊಳ್ಳಲ್ಲ. ಮೀನು ಇಷ್ಟ, ಸಮುದ್ರ ಇಷ್ಟ, ಡೈವಿಂಗ್ ಇಷ್ಟ ಅಂತ ಬರ್ತಾರೆ, ಅಂಕಿಅಂಶ ಅಂದ್ರೆ ಓಡ್ತಾರೆ, ವಿಭಾಗದೋರೂ ಹೋಗ್ಲಿ ಬಿಡು ಅಂತ ಬಿಡ್ತಾರೆ. ಸ್ಟಾಕ್ ಅಂದಾಜು ಮಾಡೋರ ಕೊರತೆ ಎಷ್ಟಿತ್ತು ಅಂದ್ರೆ ಅಮೆರಿಕದಲ್ಲಿ 2006ರ ಮೀನುಗಾರಿಕೆ ಕಾಯ್ದೆ ತಿದ್ದುಪಡಿಯಲ್ಲೇ ಈ ಕೊರತೆ ಬಗ್ಗೆ ವರದಿ ಕೊಡಿ ಅಂತ ಸರ್ಕಾರಕ್ಕೆ ಹೇಳಿದ್ರು. ಅಂಕಿಅಂಶಕ್ಕೆ ಬಳಸೋ ಆರ್ (R) ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆದು, ಮಾಡೆಲ್ ಓಡಿಸಿ, ಇದರಲ್ಲಿ ಎಷ್ಟು ಅನಿಶ್ಚಿತತೆ ಇದೆ ಅಂತ ಹೇಳೋಕೆ ಬರೋರಿಗೆ ಇವತ್ತೂ ಕೆಲಸ ಇದೆ. ಹಾಗಂತ ಕೋಡ್ ಮಾತ್ರ ಗೊತ್ತಿರೋರು ಸಾಕಾಗಲ್ಲ, ಡೇಟಾದಲ್ಲಿ ಒಂದು ವರ್ಷ ಇದ್ದಕ್ಕಿದ್ದ ಹಾಗೆ ದೊಡ್ಡ ಮೀನೇ ಬಂದಿಲ್ಲ ಅಂದ್ರೆ ಮೀನು ಸತ್ತುಹೋಯ್ತಾ, ಅಥವಾ ಆ ವರ್ಷ ಬಲೆಯ ಕಣ್ಣು ಬದಲಾಯ್ತಾ, ಅಥವಾ ಅಳೆಯೋ ಹುಡುಗ ಬದಲಾದ್ನಾ ಅಂತ ಕೇಳೋಕೆ ಕಟ್ಟೆ ಮೇಲೆ ನಿಂತು ಗೊತ್ತಿರ್ಬೇಕು. ಎರಡೂ ಇರೋರು ಬೇಕು. ಒಬ್ಬರಲ್ಲೇ ಎರಡೂ ಸಿಗೋ ಹಾಗೆ ಕಲಿಸೋಕೆ ಆಗುತ್ತೆ, ಎರಡು ವರ್ಷದ ಕೋರ್ಸಲ್ಲೇ ಆಗುತ್ತೆ, ಲ್ಯಾಬಲ್ಲಿ ಕಾಪಿ ಮಾಡಿಸೋ ರೆಕಾರ್ಡ್ ಬುಕ್ ಕೆಲಸ ಕಮ್ಮಿ ಮಾಡಿದ್ರೆ ಟೈಮ್ ಸಿಗುತ್ತೆ.

ಕೆಲಸ ಅಂದ್ರೆ ಪ್ರೊಫೆಸರ್ ಆಗೋದು ಒಂದೇ ಅನ್ನೋ ಥರ ಮಾತಾಡೋದೂ ನಿಲ್ಲಿಸಿ. ಪಿಎಚ್.ಡಿ. ಮಾಡಿದ ಎಲ್ಲರಿಗೂ ಆ ಕುರ್ಚಿ ಇಲ್ಲ ಅನ್ನೋದು ನಿಮಗೇ ಚೆನ್ನಾಗಿ ಗೊತ್ತು. ಹೊರಗೆ ಕೆಲಸ ಎಷ್ಟು ಥರ ಇದೆ, ಇಲಾಖೆಯಲ್ಲಿ ನಿಯಮ ಬರೆಯೋರು, ಟ್ಯೂನಾ ಆಯೋಗಗಳಲ್ಲಿ ಡೇಟಾ ನೋಡೋರು, ಮೀನು ಎಲ್ಲಿಂದ ಬಂತು ಅಂತ ಪತ್ತೆ ಹಚ್ಚೋರು, ಪ್ರಮಾಣಪತ್ರ ಕೊಡೋ ಮುಂಚೆ ತಪಾಸಣೆ ಮಾಡೋರು, ಮೊಟ್ಟೆಯಿಂದ ಮರಿ ಮಾಡೋ ಕೇಂದ್ರ ನಡೆಸೋರು, ಮೀನುಗಾರರ ಸಹಕಾರ ಸಂಘಕ್ಕೆ ಸಲಹೆ ಕೊಡೋರು, 2022ರ ಮೀನುಗಾರಿಕೆ ಸಬ್ಸಿಡಿ ಒಪ್ಪಂದದಂಥ ಕಾನೂನು ಓದಿ ಅರ್ಥ ಮಾಡಿಸೋರು. ಅಮೆರಿಕದಲ್ಲಿ 1976ರ ಕಾಯ್ದೆಯಿಂದ ಬಂದ 8 ಪ್ರಾದೇಶಿಕ ಮಂಡಳಿಗಳ ಸಭೆಗೆ ಯಾರು ಬೇಕಾದ್ರೂ ಬಂದು ಮಾತಾಡಬಹುದು, ಅಲ್ಲಿ ಕೋಟಾ ಇಳಿಸ್ಬೇಕು ಅಂತ ಹೇಳೋ ವಿಜ್ಞಾನಿ ಮುಂದೆ ಸಾಲ ಮಾಡಿ ದೋಣಿ ತಗೊಂಡೋರು ಕೂತಿರ್ತಾರೆ. ಅವರ ಮುಖ ನೋಡಿ, ನಮಗೆ ಇಷ್ಟು ಗೊತ್ತು, ಇಷ್ಟು ಗೊತ್ತಿಲ್ಲ, ಅದಕ್ಕೇ ಇಷ್ಟು ಇಳಿಸ್ತಿದ್ದೀವಿ ಅಂತ ಸರಳವಾಗಿ ಹೇಳೋದು ಒಂದು ವಿದ್ಯೆ. ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಜೊತೆಗೆ ಒಬ್ಬ ಮೀನುಗಾರರನ್ನೂ ಕೂರಿಸಿ ನೋಡಿ, ಯಾರು ಅರ್ಥ ಮಾಡ್ಕೊಂಡು ಓದಿದ್ದಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ.

ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ಹೇಳಿದ ಒಂದು ವಿಷಯ ಇಲ್ಲಿ ನೆನಪಾಗುತ್ತೆ. ಪ್ರತಿ ತಲೆಮಾರಿನ ಮೀನುಗಾರಿಕೆ ವಿಜ್ಞಾನಿನೂ ತಾನು ಕೆಲಸಕ್ಕೆ ಸೇರಿದಾಗ ಇದ್ದ ಮೀನನ್ನೇ ಸಹಜ ಪ್ರಮಾಣ ಅಂದ್ಕೊಳ್ತಾನೆ, ಅಷ್ಟರಲ್ಲಾಗಲೇ ಎಷ್ಟು ಹೋಗಿದೆ ಅಂತ ಅವನಿಗೆ ಗೊತ್ತೇ ಆಗಲ್ಲ. ನಮ್ಮ ಕೆಲಸ ಒಂದು ವರ್ಷದ ಕಾಂಟ್ರಾಕ್ಟಲ್ಲಿ ನಡೀತಿದ್ರೆ ಆ ನೆನಪು ಇನ್ನೂ ಚಿಕ್ಕದಾಗುತ್ತೆ. ಹತ್ತು ವರ್ಷ ಒಂದೇ ಬಂದರಲ್ಲಿ ಅಳೆದೋಳಿಗೆ ತಕ್ಷಣ ಗೊತ್ತಾಗೋ ಬದಲಾವಣೆ ಹೋದ ತಿಂಗಳು ಸೇರಿದೋನಿಗೆ ಹೇಗೆ ಗೊತ್ತಾಗ್ಬೇಕು?

ಸೀಟಿಗೆ ಅರ್ಜಿ ಹಾಕ್ತಿರೋ ವಿದ್ಯಾರ್ಥಿಗಳು ಇದನ್ನ ಓದ್ತಿದ್ರೆ ಅವರಿಗೂ ಒಂದು ಮಾತು. ಯೂನಿವರ್ಸಿಟಿ ಹೆಸರು ನೋಡೋ ಮುಂಚೆ ಗೈಡ್ ಯಾರು ಅಂತ ನೋಡಿ, ಅವರ ಕೈಕೆಳಗೆ ಈಗ ಓದ್ತಿರೋರಿಗೆ ಮೆಸೇಜ್ ಮಾಡಿ, ಸ್ಟೈಪೆಂಡ್ ಟೈಮಿಗೆ ಬರುತ್ತಾ, ಫೀಲ್ಡ್ ಖರ್ಚು ಯಾರು ಕೊಡ್ತಾರೆ, ಹಿಂದೆ ಓದಿದೋರು ಈಗ ಎಲ್ಲಿದ್ದಾರೆ ಅಂತ ಕೇಳಿ. ಕೇಳಿದ್ದಕ್ಕೆ ಬೇಜಾರು ಮಾಡ್ಕೊಳ್ಳೋ ಗೈಡ್ ಹತ್ರ ಹೋಗ್ಬೇಡಿ.

ಮುಖ್ಯಸ್ಥರೇ, ಮುಂದಿನ ಅಡ್ಮಿಷನ್ ನೋಟಿಸ್ ಹಾಕೋ ಮುಂಚೆ ನಿಮ್ಮ ವಿಭಾಗದಿಂದ ಕಳೆದ ಹತ್ತು ವರ್ಷದಲ್ಲಿ ಹೊರಬಂದೋರು ಎಲ್ಲಿ ಯಾವ ಕೆಲಸದಲ್ಲಿದ್ದಾರೆ, ಎಷ್ಟು ಜನ ಈ ಕ್ಷೇತ್ರವನ್ನೇ ಬಿಟ್ರು ಅಂತ ಹೆಸರು ಇಲ್ಲದೆ ಪಟ್ಟಿ ಮಾಡಿ ಎಲ್ಲರಿಗೂ ಕಾಣೋ ಹಾಗೆ ಹಾಕಿ. ದೋಣಿ ಮತ್ತು ಕಟ್ಟೆ ಕೆಲಸಕ್ಕೆ ಕ್ರೆಡಿಟ್ಟೂ ಕೊಡಿ ದುಡ್ಡೂ ಕೊಡಿ, ಮೀನುಗಾರರ ಮಕ್ಕಳಿಗೆ ಸೀಟಿನ ಜೊತೆ ಪೂರ್ತಿ ಸ್ಟೈಪೆಂಡ್ ಇಡಿ. ಕೆಲಸ ಕೊಡೋರು, ನೀವು ಸಂಬಳ ಇಲ್ಲದ ಪೋಸ್ಟಿಗೆ ಜಾಹೀರಾತು ಹಾಕೋದು ಇವತ್ತೇ ನಿಲ್ಲಿಸಬಹುದು, ಅದಕ್ಕೆ ಯಾವ ಕಮಿಟಿಯೂ ಬೇಡ. ಕಿವಿಕಲ್ಲು ಓದೋರನ್ನ, ಅಬ್ಸರ್ವರ್‌ಗಳನ್ನ ಕಾಯಂ ಮಾಡಿ, ಸ್ಟಾಕ್ ಅಂದಾಜಿನ ವರದಿಯಲ್ಲಿ ಅಳತೆ ಮಾಡಿದೋರ ಹೆಸರು ಹಾಕಿ. ಯಾವ ವಿಭಾಗ, ಯಾವ ಇಲಾಖೆ ಇದರಲ್ಲಿ ಯಾವುದನ್ನ ಮಾಡೋಕೆ ರೆಡಿ ಇದೆ, ಯಾವುದನ್ನ ಮಾಡೋಕಾಗಲ್ಲ, ಯಾಕಾಗಲ್ಲ ಅಂತ ನೀವೂ ಹೀಗೇ ಬಹಿರಂಗವಾಗಿ ಉತ್ತರ ಬರೀರಿ. ನಾನು ಮಾತ್ರ ಅಲ್ಲ, ಈ ಕೆಲಸ ಬಿಟ್ಟು ಹೋದ ನನ್ನ ಗೆಳೆಯರೂ ಓದ್ತಾರೆ.

ಇಂತಿ,
ಇದೇ ಓದು ಓದಿ ಇದೇ ಕೆಲಸದಲ್ಲಿರೋ ಒಬ್ಬಳು